ಹಡಗು ಕಾಯುತ್ತಿದ್ದವರು

ನಾನು ಆಡುತ್ತಿದ್ದ ಆಟದಲ್ಲಿ ಒಂದು ಬಂದರಿತ್ತು. ಆಚೆಯ ದ್ವೀಪಕ್ಕೆ ಹೋಗಬೇಕಾದರೆ ಅಲ್ಲಿ ನಿಂತು ಹಡಗು ಕಾಯಬೇಕು. ಒಂದು ಹೊರಟುಹೋದರೆ ಮುಂದಿನದು ಬರಲು ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ಮಾಡಲು ಏನೂ ಕೆಲಸವಿಲ್ಲ. ಹೊಡೆಯಲು ರಾಕ್ಷಸರಿಲ್ಲ, ನೋಡಲು ಅಂಗಡಿಯಿಲ್ಲ. ಮರದ ಹಲಗೆಯ ಮೇಲೆ ಹತ್ತಾರು ಪಾತ್ರಗಳು ಸುಮ್ಮನೆ ನಿಂತಿರುತ್ತಿದ್ದವು. ಒಂದೊಂದರ ಹಿಂದೆಯೂ ಯಾವುದೋ ದೇಶದ ಯಾವುದೋ ಮನೆಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ.

ಇಂಥ ಆಟ ಆಡದವರಿಗೆ ಎರಡು ಮಾತು ಹೇಳಬೇಕು. ಇಂಟರ್‌ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಆಟ ಇದು. ಪ್ರತಿಯೊಬ್ಬರೂ ಒಂದು ಪಾತ್ರ ಮಾಡಿಕೊಂಡು ಅದನ್ನು ವರ್ಷಗಟ್ಟಲೆ ಬೆಳೆಸುತ್ತಾರೆ. ಗೆದ್ದು ಮುಗಿಸುವುದು ಎಂಬುದಿಲ್ಲ. ನಾವು ಕಂಪ್ಯೂಟರ್ ಆರಿಸಿ ಊಟಕ್ಕೆ ಎದ್ದರೂ ಆ ಲೋಕ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಕಷ್ಟದ ಗುಹೆಗಳಿಗೆ ಐದು ಜನ ಸೇರಿಯೇ ಹೋಗಬೇಕು. ಗುರಾಣಿ ಹಿಡಿದು ಮುಂದೆ ನಿಂತು ಏಟು ತಿನ್ನುವವರೊಬ್ಬರು, ಹಿಂದೆ ನಿಂತು ಎಲ್ಲರ ಗಾಯ ವಾಸಿ ಮಾಡುವ ಹೀಲರ್ ಒಬ್ಬರು, ಹೊಡೆಯುವವರು ಮೂವರು. ಗುರಾಣಿ ನನ್ನದು.

ಪದವಿಯ ಎರಡನೇ ವರ್ಷದಲ್ಲಿ ಶುರು ಮಾಡಿದೆ. ದಾವಣಗೆರೆಯ ವಿದ್ಯಾನಗರದಲ್ಲಿ ಹುಡುಗರ ಹಾಸ್ಟೆಲಿನ ಹಿಂದಿನ ರಸ್ತೆಯಲ್ಲಿ ಒಂದು ನೆಟ್ ಸೆಂಟರ್ ಇತ್ತು. ಪ್ಲೈವುಡ್ ಹಲಗೆ ಹೊಡೆದು ಮಾಡಿದ ಗೂಡುಗಳು, ಮೊಣಕಾಲಿಗೆ ತಾಗುವ ಬಿಸಿ ಸಿಪಿಯು. ಪ್ರಾಕ್ಟಿಕಲ್ ಇಲ್ಲದ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೆ. ಹುಡುಗಿ ಒಬ್ಬಳೇ ಬಂದು ಎರಡು ಗಂಟೆ ಕೂತರೆ ಯಾವನ ಜೊತೆಗೋ ಚಾಟ್ ಮಾಡುತ್ತಿದ್ದಾಳೆ ಎಂದೇ ಅಲ್ಲಿದ್ದವರ ಎಣಿಕೆ. ನಾನು ಆ ಹೊತ್ತಿಗೆ ಗಡ್ಡ ಬಿಟ್ಟ, ತೋಳು ದಪ್ಪದ ಗಂಡಸಾಗಿ ಹಂದಿಮುಖದ ಸೈನಿಕರಿಂದ ಏಟು ತಿನ್ನುತ್ತಿದ್ದೆ. ಪಾತ್ರ ಗಂಡಾಗಿರಲು ಕಾರಣವಿತ್ತು. ಮೊದಲ ವಾರ ಹೆಣ್ಣು ಪಾತ್ರ ಮಾಡಿಕೊಂಡಿದ್ದೆ. ಗುರುತಿಲ್ಲದವರು ಬಂದು ಕತ್ತಿ, ಉಂಗುರ ಕೊಟ್ಟು ಹಿಂದೆ ಹಿಂದೆ ತಿರುಗತೊಡಗಿದರು. ಅದನ್ನು ಅಳಿಸಿಹಾಕಿ ಹೊಸದು ಮಾಡಿದೆ.

ಒಂದು ದಿನ ಬಂದರಿನಲ್ಲಿ ನಿಂತಿದ್ದಾಗ, ಪರದೆಯ ಕೆಳಗೆ ಎಲ್ಲರ ಮಾತೂ ಬೀಳುವ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ ಒಂದು ಕನ್ನಡದ ಸಾಲು ಬಂತು: "ಈ ಹಡಗಿಗಿಂತ ನಮ್ ಹರಿಹರದ ಸಿಟಿ ಬಸ್ಸೇ ವಾಸಿ."

ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಬರೆದದ್ದು. ಬರೆದಿದ್ದವರದು ಬಿಳಿ ನಿಲುವಂಗಿ ತೊಟ್ಟ ಮುದುಕನ ಪಾತ್ರ, ಹೀಲರ್.

"ನಾನು ದಾವಣಗೆರೆ," ಎಂದು ಬರೆದೆ.

"ಸುಳ್ಳು ಹೇಳಬ್ಯಾಡ. ಯಾವ ಏರಿಯಾ?"

"ನಿಟ್ಟುವಳ್ಳಿ."

ಆಮೇಲೆ, "ನಿಟ್ಟುವಳ್ಳಿಯಾಗ ನಮ್ ಸಣ್ಣತ್ತೆ ಮನಿ ಐತೆ ತಮ್ಮಾ," ಎಂದು ಬಂತು. ಅಷ್ಟರಲ್ಲಿ ಹಡಗು ಬಂದು ಎಲ್ಲರೂ ಹತ್ತಿದರು. ನಾವಿಬ್ಬರು ಹತ್ತಲಿಲ್ಲ. ಮುಂದಿನದಕ್ಕೂ ಹತ್ತಲಿಲ್ಲ.

ಅವರು ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಐಟಿಐ ಓದಿ ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸಕ್ಕಿದ್ದರು, ಪಂಪಿನ ಬಿಡಿಭಾಗ ಕಡೆಯುವ ಕೆಲಸ. ಹೆಂಡತಿಯ ತಮ್ಮ ಬೇರೆ ಊರಿಗೆ ಹೋಗುವಾಗ ತನ್ನ ಕಂಪ್ಯೂಟರನ್ನು ಇವರ ಮನೆಯಲ್ಲಿ ಇಟ್ಟುಹೋಗಿದ್ದ. ಆಟವೂ ಅದರೊಳಗೇ ಇತ್ತು. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಆಟದಲ್ಲಿ ಬೇಕಾದಷ್ಟನ್ನು ಆಟದಿಂದಲೇ ಕಲಿತರು: ನಿಲ್ಲಿ, ಓಡಿ, ಕಾಯಿರಿ, ನಾನು ಸತ್ತೆ, ಕ್ಷಮಿಸಿ. ಹೀಲರ್ ಯಾಕೆ ಆದಿರಿ ಎಂದು ಒಮ್ಮೆ ಕೇಳಿದ್ದೆ. "ಹೊಡಿಯೋರು ಭಾಳ ಜನ ಅದಾರೆ. ಇದಕ್ಕೆ ಯಾರೂ ಬರಲ್ಲ. ನಾನು ಹೋಗಲಿಲ್ಲ ಅಂದ್ರೆ ಆಟ ನಡೆಯಲ್ಲ ಅಂತ ಕರೀತಾರಲ್ಲ, ಅದಕ್ಕೆ," ಎಂದು ಬರೆದರು.

ನಾಲ್ಕು ವರ್ಷ ಅವರು ನನ್ನನ್ನು ತಮ್ಮಾ ಎಂದೇ ಕರೆದರು. ನಾನೂ ತಿದ್ದಲಿಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಒಂದು ಭಾನುವಾರ, ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತ ಆಡೋಣ ಎಂದಾಯಿತು. ಆ ಹೊತ್ತಿಗೆ ನಮ್ಮದೊಂದು ಗುಂಪು ಕಟ್ಟಿಕೊಂಡಿತ್ತು. ಹದಿನೈದು ಜನ, ಅದರಲ್ಲಿ ಕನ್ನಡದವರು ಆರು. ಗುಹೆಯ ಬಾಗಿಲಲ್ಲಿ ನಿಂತಿದ್ದೆವು.

"ಮಾತಾಡು ತಮ್ಮಾ, ಕೇಳಿಸ್ತೈತಾ?" ಎಂದರು. ನಾನು ಅಂದುಕೊಂಡಿದ್ದಕ್ಕಿಂತ ತೆಳುವಾದ ದನಿ.

"ಅಣ್ಣಾರೆ, ನಾನು ಹೆಣ್ಮಗಳು," ಎಂದೆ.

ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರು. "ಅದಕ್ಕೇನಾತು. ಗುರಾಣಿ ಮುಂದ ಹಿಡಿ ತಂಗಿ, ಬರ್ತಾ ಅದಾವೆ ಅವು," ಎಂದರು. ಅಷ್ಟೇ. ಆ ವಿಷಯ ಮತ್ತೆ ಬರಲಿಲ್ಲ. ನನ್ನ ಜೀವನದಲ್ಲಿ ಯಾವ ಗಂಡಸೂ ನನ್ನನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಮದುವೆಯಾದ ಮೇಲೆ ಗಂಡನನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಬಂದೆ. ಗಂಡನಿಗೆ ಇದೆಲ್ಲ ವಿಚಿತ್ರವೆನಿಸಿತ್ತು, ಆದರೆ ಆ ಮನೆ ನೋಡಿದ ಮೇಲೆ ಸುಮ್ಮನಾದರು. ಹೊಳೆಯ ಕಡೆಯ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಅಣ್ಣ ಕುಳ್ಳಗಿದ್ದರು. ಮುಂಗೈ ತುಂಬ ಬಿಸಿ ಕಬ್ಬಿಣದ ಚೂರು ಸಿಡಿದ ಸಣ್ಣ ಸಣ್ಣ ಕಪ್ಪು ಕಲೆ. ಅತ್ತಿಗೆ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟು, "ನೀನೇ ಏನವ್ವ ಗುರಾಣಿ ಹಿಡಿಯಾಕಿ? ದಿನಾ ನಿನ್ ಹೆಸರೇ," ಎಂದರು. ನನ್ನ ಆಟದ ಹೆಸರಿನಿಂದಲೇ ನನ್ನನ್ನು ಕರೆದರು. ಇವತ್ತಿಗೂ ಹಾಗೇ ಕರೆಯುತ್ತಾರೆ.

ಆಟ ಬದಲಾಗಿದ್ದು ಒಮ್ಮೆಗೇ ಅಲ್ಲ. ಮೊದಲು ಬಂದಿದ್ದು ನಕ್ಷೆಯ ಮೇಲಿನ ಗುಂಡಿ. ಎಲ್ಲಿಗೆ ಬೇಕೋ ಅಲ್ಲಿ ಒತ್ತಿದರೆ ಮರುಗಳಿಗೆ ಅಲ್ಲಿರುತ್ತೀರಿ. ಹಡಗು ತೆಗೆದರು. ಆ ದಿನ ನಾವೆಲ್ಲ ಖುಷಿಪಟ್ಟಿದ್ದು ನಿಜ, ನಾನೂ. ಆಮೇಲೆ ಜನರನ್ನು ಹೊಂದಿಸುವ ಕೆಲಸವನ್ನೂ ಯಂತ್ರಕ್ಕೆ ಕೊಟ್ಟರು. ಗುಹೆಗೆ ಹೋಗಬೇಕೆಂದು ಒಂದು ಗುಂಡಿ ಒತ್ತಿದರೆ ನಾಲ್ಕು ಅಪರಿಚಿತರು ಬಂದು ಸೇರುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ, ನಮಸ್ಕಾರವೂ ಇಲ್ಲದೆ ಚದುರುತ್ತಾರೆ. ಹಿಂದೆ ಒಬ್ಬ ಮೋಸ ಮಾಡಿ ಸಾಮಾನು ಎತ್ತಿಕೊಂಡು ಓಡಿದರೆ ಊರಿಗೆಲ್ಲ ಗೊತ್ತಾಗಿ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಈಗ ಅವನು ಯಾರೆಂದು ತಿಳಿಯುವ ಮೊದಲೇ ಇನ್ನೊಂದು ಗುಂಪಿನಲ್ಲಿರುತ್ತಾನೆ. ಪ್ರತಿ ವರ್ಷ ಹೊಸ ದ್ವೀಪ ಬರುತ್ತಿತ್ತು, ಹೊಸ ಕತ್ತಿ ಬರುತ್ತಿತ್ತು, ಹಿಂದಿನ ವರ್ಷ ಬೆವರು ಸುರಿಸಿ ಗಳಿಸಿದ ಕತ್ತಿ ಗುಜರಿಯಾಗುತ್ತಿತ್ತು. ದಿನಾ ಬಂದು ಮಾಡಬೇಕಾದ ಕೆಲಸಗಳ ಪಟ್ಟಿ ಕೊಡುತ್ತಿದ್ದರು. ನಾನು ಆ ಹೊತ್ತಿಗೆ ವಿದ್ಯಾನಗರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಮುಗಿಸಿದ ಪಟ್ಟಿಯಂಥದೇ ಇನ್ನೊಂದು ಪಟ್ಟಿ ಮನೆಗೆ ಬಂದರೆ ಕಾಯುತ್ತಿತ್ತು.

ಹದಿನೈದು ಜನರಲ್ಲಿ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಯಾರೂ ಹೇಳಿಹೋಗಲಿಲ್ಲ. ಹೆಸರಿನ ಮುಂದೆ "ಇಷ್ಟು ದಿನದ ಹಿಂದೆ ಬಂದಿದ್ದರು" ಎಂದು ತೋರಿಸುವ ಅಂಕಿ ಬೆಳೆಯುತ್ತಾ ಹೋಗುತ್ತಿತ್ತು. ಕೊನೆಗೆ ಉಳಿದವರು ಮೂವರು: ಅಣ್ಣ, ನಾನು, ಮತ್ತೆ ಆನಗೋಡಿನ ಶಾಲೆಯಲ್ಲಿ ಪಾಠ ಮಾಡುವ ಒಬ್ಬ ಮೇಷ್ಟ್ರು. ಮೇಷ್ಟ್ರು ಬಿಲ್ಲುಗಾರ. ಬಾಣಕ್ಕಿಂತ ಮಾತು ಜಾಸ್ತಿ.

ಅಣ್ಣನಿಗೆ ಸಕ್ಕರೆ ಕಾಯಿಲೆ ಬಹಳ ಹಿಂದಿನಿಂದ ಇತ್ತು. ಅವರು ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಒಂದು ದಿನ ಲೇತ್ ಮೇಲೆ ಅಳತೆ ತಪ್ಪಿತು, ಮತ್ತೊಂದು ದಿನ ಮತ್ತೆ ತಪ್ಪಿತು. ದಾವಣಗೆರೆಯ ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಿದಾಗ ಎಡಗಣ್ಣಿನ ಪರದೆ ಹಾಳಾಗಿದೆ, ಬಲಗಣ್ಣಿನದೂ ಶುರುವಾಗಿದೆ ಎಂದರು. ಕಣ್ಣಿಗೇ ಇಂಜೆಕ್ಷನ್. ಅವರು ಬಸ್ಸಿಳಿಯುವ ಕಡೆ ನಾನು ಸ್ಕೂಟಿ ತಂದು ನಿಲ್ಲಿಸಿಕೊಂಡಿರುತ್ತಿದ್ದೆ. ಮೂರನೇ ಸಲ ಹೋದಾಗ ಸ್ಕೂಟಿಯ ಹಿಂದೆ ಕೂತವರು, "ತಂಗಿ, ಆಟದಾಗೆ ನಾನು ಎಷ್ಟು ಸಾವಿರ ಮಂದಿ ಗಾಯ ವಾಸಿ ಮಾಡೀನೋ," ಎಂದರು.

ಕೆಲಸ ಹೋಯಿತು. ಬಲಗಣ್ಣಿನ ಅಂಚಿನಲ್ಲಿ ಬಣ್ಣ, ಬೆಳಕು ತಿಳಿಯುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಆದರೂ ಆಟ ಬಿಡಲಿಲ್ಲ. ನಾವೊಂದು ಉಪಾಯ ಮಾಡಿಕೊಂಡೆವು. ಕೀಬೋರ್ಡಿನ ಒಂದರಿಂದ ಐದರವರೆಗಿನ ಕೀಲಿಗಳನ್ನು ನಮ್ಮ ಮೂವರಿಗೂ ಯಂತ್ರ ತಂದು ಸೇರಿಸುವ ಇಬ್ಬರಿಗೂ ಗೊತ್ತುಮಾಡಿದೆವು. ಯಾರಿಗೆ ಏಟು ಬಿತ್ತೋ ಆ ಅಂಕಿಯನ್ನು ನಾನು ಹೇಳುವುದು, ಅವರು ಒತ್ತುವುದು. "ಎರಡು, ಅಣ್ಣಾರೆ. ಎರಡು. ಈಗ ಒಂದು, ನಂಗೇ ಹಾಕ್ರಿ." ಎದುರಿನ ರಾಕ್ಷಸನನ್ನೂ ನೋಡಬೇಕು, ಎಲ್ಲರ ಗಾಯವನ್ನೂ ನೋಡಬೇಕು, ಹೇಳುತ್ತಲೂ ಇರಬೇಕು. ಒಂದು ಗಂಟೆಯಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಆದರೆ ಗುಹೆ ಮುಗಿದಾಗ ಅವರು "ಒಬ್ಬರೂ ಸಾಯಲಿಲ್ಲ ಅಲ್ಲೇನು?" ಎಂದು ಕೇಳುವ ದನಿಗೆ ಅದೆಲ್ಲ ಸರಿಹೋಗುತ್ತಿತ್ತು.

ಹಾಗಿರುವಾಗ ಆಟದ ಕಂಪನಿಯಿಂದ ಒಂದು ಮೇಲ್ ಬಂತು. ಹತ್ತು ವರ್ಷಕ್ಕಿಂತ ಹೆಚ್ಚು ಆಡಿದವರಿಗೆ ಮಾತ್ರ ಕಳಿಸಿದ್ದು. ಹಳೆಯ ಆಟಗಾರರಾದ ನಿಮಗೆ ಏನು ಬೇಕು, ಬರೆದು ತಿಳಿಸಿ ಎಂದಿತ್ತು. ಅಷ್ಟು ವರ್ಷದಲ್ಲಿ ನಮ್ಮನ್ನು ಯಾರೂ ಹಾಗೆ ಕೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನು, ಮೇಷ್ಟ್ರು ಇಬ್ಬರೂ ಹರಿಹರಕ್ಕೆ ಹೋದೆವು. ನಾನು ಲ್ಯಾಪ್‌ಟಾಪ್ ತೆರೆದು ನೆಲದ ಮೇಲೆ ಕೂತೆ.

"ಮೊದಲು ನಂದು ಬರ್ಕಳ್ರಿ ಮೇಡಂ," ಎಂದರು ಮೇಷ್ಟ್ರು. "ಹೊಸ ದ್ವೀಪ ಬ್ಯಾಡ. ಹೊಸ ಕುದುರೆ ಬ್ಯಾಡ, ರೆಕ್ಕೆ ಬ್ಯಾಡ. ನಾನು ಪ್ಯಾಟಿಗೆ ಬಂದ್ರೆ ನಾಕು ಮಂದಿ ನನ್ನ ಗುರುತು ಹಿಡೀಬೇಕು. ಈ ಬಿಲ್ಲುಗಾರ ಮಾತಿಗೆ ತಪ್ಪೋನಲ್ಲ ಅನ್ನಬೇಕು. ಈಗ ಯಾರ್ ಕೇಳ್ತಾರೆ ನನ್ನ? ನಾನು ಸತ್ರೆ ನನ್ನ ಜಾಗಕ್ಕೆ ಇನ್ನೊಬ್ಬನ್ನ ಮಷೀನು ತಂದು ಕೂರಿಸ್ತೈತೆ."

ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ನನ್ನದನ್ನೂ ಬರೆದೆ. ಕಷ್ಟ ಬೇಕು, ಸೋತರೆ ನಿಜವಾಗಿ ಏನಾದರೂ ಕಳೆದುಕೊಳ್ಳಬೇಕು, ದಿನದ ಪಟ್ಟಿ ಬೇಡ, ಒಬ್ಬರಿಗೊಬ್ಬರು ಬೇಕಾಗದೆ ಯಾವ ಗುಹೆಯೂ ಮುಗಿಯಬಾರದು. ಆಮೇಲೆ ಅಣ್ಣನ ಕಡೆ ತಿರುಗಿದೆ. ಅವರು ಗೋಡೆಗೆ ಒರಗಿ ಕಿಟಕಿಯ ಬೆಳಕಿನ ಕಡೆ ಮುಖ ಮಾಡಿದ್ದರು.

"ನಿಮಗೇನು ಬೇಕ್ರಿ ಅಣ್ಣಾರೆ?"

"ಹಡಗು."

"ಅಂದ್ರೆ?"

"ಕಾಯೋದು ಬೇಕು ತಂಗಿ. ಎಲ್ಲರೂ ಒಂದು ಕಡೆ ನಿಂತು ಕಾಯ್ಬೇಕು. ಅಷ್ಟೇ ಬರಿ."

ಅತ್ತಿಗೆ ಅಡುಗೆಮನೆಯಿಂದ, "ದುಡ್ಡು ಕೊಟ್ಟು ಕಾಯ್ತಾರಂತೆ, ಕೇಳವ್ವ," ಎಂದರು. ಮೇಷ್ಟ್ರು ನಕ್ಕರು. ನಮಗೆ ಕಾಯುವುದು ಬೇಕು ಎಂದು ಇಂಗ್ಲಿಷಿನಲ್ಲಿ ಬರೆದಾಗ ನನಗೂ ಹುಚ್ಚು ಎನಿಸಿತು. ಬರೆದು ಕಳಿಸಿದೆ.

ನಮ್ಮಂಥವರು ಬಹಳ ಜನ ಬರೆದಿರಬೇಕು. ಒಂದು ವರ್ಷದ ನಂತರ ಕಂಪನಿಯವರು ಹಳೆಯ ಆಟವನ್ನು ಮೊದಲಿದ್ದ ಹಾಗೇ ಬೇರೆಯಾಗಿ ತೆರೆದರು. ಹಡಗಿತ್ತು. ಹನ್ನೆರಡು ನಿಮಿಷವೂ ಇತ್ತು. ಮೊದಲ ಭಾನುವಾರ ಮೂವರೂ ಹೊಸದಾಗಿ ಪಾತ್ರ ಮಾಡಿಕೊಂಡು, ಹರಕು ಬಟ್ಟೆಯಲ್ಲಿ, ಬಂದರಿಗೆ ನಡೆದುಕೊಂಡು ಹೋದೆವು. ಹಲಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲ ದೇಶದ ಹಳಬರೂ ಬಂದಿದ್ದರು. ಒಬ್ಬ ನನ್ನ ಮೊದಲ ಗೆಳತಿಯನ್ನು ಇಲ್ಲೇ ಕಂಡಿದ್ದೆ ಎಂದು ಬರೆದ. ಇನ್ನೊಬ್ಬ ನನ್ನ ತಮ್ಮ ತೀರಿಕೊಂಡ, ಅವನ ಹೆಸರನ್ನೇ ಈ ಪಾತ್ರಕ್ಕೆ ಇಟ್ಟಿದ್ದೇನೆ ಎಂದ. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಅಣ್ಣನಿಗೆ ಹೇಳುತ್ತಾ ಹೋದೆ. ಹೆಡ್‌ಫೋನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. "ನಿಧಾನ ಓದು. ಹಡಗು ಬಂದ್ರೂ ಬರ್ಲಿ," ಎಂದರು.

ಅಂಥ ಭಾನುವಾರಗಳು ಸುಮಾರು ಆರು ಸಿಕ್ಕಿರಬಹುದು.

ಹಳಬರಿಗೆ ಆಟದ ಪ್ರತಿ ಮೂಲೆಯೂ ಬಾಯಿಪಾಠವಾಗಿತ್ತು. ಯಾವ ದಾರಿಯಲ್ಲಿ ಹೋದರೆ ಬೇಗ, ಯಾವ ರಾಕ್ಷಸನನ್ನು ಬಿಟ್ಟು ಯಾವುದನ್ನು ಹೊಡೆಯಬೇಕು, ಯಾವ ಜಾತಿಯ ಪಾತ್ರ ಕರೆದರೆ ಲಾಭ, ಎಲ್ಲಕ್ಕೂ ಪಟ್ಟಿ ತಯಾರಾಗಿತ್ತು. ಹಿಂದೆ ದಾರಿ ಗೊತ್ತಿಲ್ಲದೆ ಅಲೆಯುತ್ತಿದ್ದ ಅದೇ ಜನ ಈಗ ಓಡುತ್ತಿದ್ದರು. ಎರಡನೇ ತಿಂಗಳಿಗೆ ಬಂದರಿನಲ್ಲಿ ನಿಂತವರು ಪಾತ್ರವನ್ನು ಅಲ್ಲಿ ಬಿಟ್ಟು ಎದ್ದುಹೋಗುತ್ತಿದ್ದರು. ಹಲಗೆಯ ತುಂಬ ಜನ, ಮಾತಿನ ಜಾಗದಲ್ಲಿ ಒಂದು ಸಾಲೂ ಇಲ್ಲ.

ಒಂದು ಸಂಜೆ ಇಬ್ಬರು ಹೊರಗಿನವರ ಜೊತೆ ಸೇರಿಕೊಂಡು ಗುಹೆಗೆ ಹೋದೆವು. ನಾನು ಅಂಕಿ ಹೇಳುತ್ತಿದ್ದೆ, ಅಣ್ಣ ಒತ್ತುತ್ತಿದ್ದರು. ಆ ಇಬ್ಬರು ನಮಗಾಗಿ ನಿಲ್ಲದೆ ಮುಂದೆ ನುಗ್ಗಿದರು. ಅವರಲ್ಲೊಬ್ಬನ ಪಾತ್ರ ಸತ್ತಿತು. ಹೀಲರ್ ನಿದ್ದೆ ಮಾಡುತ್ತಿದ್ದಾನೆ ಎಂದು ಅವನು ಬರೆದ. ಮೇಷ್ಟ್ರು ಇಂಗ್ಲಿಷಿನಲ್ಲಿ, ಅವರಿಗೆ ಕಣ್ಣು ಕಾಣುವುದಿಲ್ಲ, ಸ್ವಲ್ಪ ನಿಧಾನ ಹೋಗಿ ಎಂದು ಬರೆದರು. ಗುಂಪಿನ ಮುಂದಾಳುತನ ಆ ಮನುಷ್ಯನ ಕೈಲಿತ್ತು. ಅವನು ಅಣ್ಣನನ್ನು ಗುಂಪಿನಿಂದ ತೆಗೆದುಹಾಕಿದ.

"ತಂಗಿ, ಏನಾತು? ಎಲ್ಲ ಬೆಳ್ಳಗಾತಲ್ಲ," ಎಂದರು ಅಣ್ಣ.

"ಸರ್ವರ್ ಹೋತು ಅನ್ನಿಸ್ತೈತ್ರಿ. ನಮ್ಗೂ ಹಂಗೇ ಆಗೈತೆ," ಎಂದೆ.

"ನಾಳೆ ಸರಿ ಆಗ್ತೈತೆ ಬಿಡು," ಎಂದರು. ಅವರು ನಂಬಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಆಮೇಲೆ ನಾವು ಮೂವರೇ ಆಡಿದೆವು, ಸಣ್ಣಪುಟ್ಟ ಕಡೆ. ನನಗೆ ಸಿಗುತ್ತಿದ್ದದ್ದು ಸಂಜೆ ಆರರಿಂದ ಏಳು. ಕಾಲೇಜಿನಿಂದ ಬಂದು, ಮಗಳನ್ನು ಟ್ಯೂಷನ್‌ಗೆ ಬಿಟ್ಟು, ಅಡುಗೆಗೆ ಕೈ ಹಾಕುವ ಮುಂಚಿನ ಒಂದು ಗಂಟೆ. ಅದರಲ್ಲಿ ಹಡಗು ಕಾಯಲು ಹೋಗುವಾಗ ಹನ್ನೆರಡು ನಿಮಿಷ, ಬರುವಾಗ ಹನ್ನೆರಡು ನಿಮಿಷ. ಕಾಯುವಾಗ ಅಣ್ಣ ಮಾತಾಡುತ್ತಿದ್ದರು: ಹೊಳೆಗೆ ನೀರು ಬಂದದ್ದು, ಓಣಿಯ ನಾಯಿ, ಅತ್ತಿಗೆಯ ಮಂಡಿನೋವು. ನಾನು "ಹೂನ್ರಿ, ಹೂನ್ರಿ" ಎನ್ನುತ್ತಾ ಕಂಪ್ಯೂಟರಿನ ಮೂಲೆಯ ಗಡಿಯಾರ ನೋಡುತ್ತಿದ್ದೆ. ಎಷ್ಟೋ ಸಲ ಮೈಕ್ ಮುಚ್ಚಿ ಕುಕ್ಕರ್ ಇಟ್ಟು ಬಂದಿದ್ದೇನೆ. ಅವರು ಮಾತು ನಡೆಸುತ್ತಲೇ ಇರುತ್ತಿದ್ದರು.

ಕಂಪನಿಯಿಂದ ಮತ್ತೊಂದು ಸೂಚನೆ ಬಂತು. ನಕ್ಷೆಯ ಗುಂಡಿಯನ್ನು ಹಳೆಯ ಆಟದಲ್ಲೂ ಕೊಡಿ ಎಂದು ಬಹಳ ಜನ ಕೇಳುತ್ತಿದ್ದಾರೆ, ಆಟಗಾರರೇ ಮತ ಹಾಕಿ ತೀರ್ಮಾನಿಸಿ ಎಂದಿತ್ತು. ಹೌದು, ಇಲ್ಲ, ಎರಡೇ. ಲ್ಯಾಬಿನಲ್ಲಿ ಪರೀಕ್ಷೆ ಮುಗಿದು ಹುಡುಗರು ಎದ್ದುಹೋದ ಒಂದು ಮಧ್ಯಾಹ್ನ ಅದನ್ನು ತೆರೆದೆ. ನಾನು ಬಹಳ ಯೋಚಿಸಿದೆ ಎಂದು ಹೇಳಿಕೊಳ್ಳಲಾರೆ. ಉಳಿದವರೆಲ್ಲ ಇಲ್ಲ ಎಂದೇ ಒತ್ತುತ್ತಾರೆ, ಹಡಗು ಎಲ್ಲಿಗೂ ಹೋಗುವುದಿಲ್ಲ, ನನ್ನದೊಂದರಿಂದ ಏನಾಗುತ್ತದೆ ಎಂಬ ಭರವಸೆಯಿತ್ತು. ಹೌದು ಒತ್ತಿದೆ. ಅರ್ಧ ನಿಮಿಷದ ಕೆಲಸ.

ಫಲಿತಾಂಶ ಬಂದ ದಿನ ಮೂವರೂ ಹೆಡ್‌ಫೋನಿನಲ್ಲಿದ್ದೆವು. ಗುಂಡಿ ಬೇಕೆಂದವರ ಎದುರು ಬೇಡವೆಂದವರು ಲೆಕ್ಕಕ್ಕೇ ಇರಲಿಲ್ಲ. ನಾನು ಓದಿ ಹೇಳಿದೆ.

"ಯಾರು ಹಾಕಿದ್ರು ಇಷ್ಟು ಮಂದಿ?" ಎಂದರು ಅಣ್ಣ. "ಹೊಸಬರು ಇಲ್ಲಿ ಬರಾದೇ ಇಲ್ಲಲ್ಲ."

"ನಾವೇ ಹಾಕಿದ್ದು ಅಣ್ಣಾರೆ," ಎಂದರು ಮೇಷ್ಟ್ರು. ಅವರಿಗೆ ಒಳಗೊಂದು ಹೊರಗೊಂದು ತಿಳಿಯದು. "ನಾನೂ ಹೌದು ಅಂತ್ಲೇ ಒತ್ತಿದೆ. ಸಾಲಿ ಮುಗಿಸಿ, ಗಣತಿ ಕೆಲಸ ಮುಗಿಸಿ ಬರಾದ್ರಾಗೆ ಎಲ್ಲೈತ್ರಿ ಟೈಮು? ಮೇಡಮ್ಮಾರೂ ಒತ್ತಿರಬೇಕು."

ಅಣ್ಣ ನನ್ನನ್ನು ಕೇಳಿದರು:

"ನೀನೂನಾ ತಂಗಿ?"

"ಹೂನ್ರಿ," ಎಂದೆ.

ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನಿಂಗೂ ಮನಿ ಕೆಲಸ ಇರ್ತೈತೆ. ಗೊತ್ತೈತೆ ನಂಗೆ, ಕುಕ್ಕರ್ ಕೂಗಾದು ಕೇಳಿಸ್ತಿತ್ತು," ಎಂದರು. ಆಮೇಲೆ, "ಮತ ಹಾಕಾದು ಯಾವಾಗಿತ್ತು? ನಂಗೆ ಯಾರೂ ಓದಿ ಹೇಳಲಿಲ್ಲಲ್ಲ," ಎಂದರು.

ನಾನು ಓದಿ ಹೇಳಿರಲಿಲ್ಲ. ಬೇಕೆಂದು ಬಚ್ಚಿಟ್ಟದ್ದಲ್ಲ, ನೆನಪೇ ಆಗಿರಲಿಲ್ಲ. ಅವರ ಪರವಾಗಿ ಎಲ್ಲವನ್ನೂ ನೋಡುವ ಕಣ್ಣು ನನ್ನದು ಎಂದುಕೊಂಡಿದ್ದವಳಿಗೆ, ಅವರಿಗೂ ಒಂದು ಮತ ಇದೆ ಎಂಬುದು ಹೊಳೆದಿರಲಿಲ್ಲ. ಏನೋ ಹೇಳಲು ಹೋದೆ. ಅವರು, "ಆತು ಬಿಡು," ಎಂದು ತಡೆದರು.

ಹಳೆಯ ಆಟಗಾರರ ಬಗ್ಗೆ ಜನ ಬರೆಯುವುದನ್ನು ಓದಿದ್ದೇನೆ. ಅವರಿಗೆ ಬೇಕಿರುವುದು ತಮ್ಮ ಕಳೆದ ವಯಸ್ಸು, ಅದನ್ನು ಯಾವ ಕಂಪನಿಯೂ ಕೊಡಲಾರದು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಾವು ಕೇಳಿದ್ದನ್ನು ಅವರು ಕೊಟ್ಟರು, ಅದೇ ಬಂದರು, ಅದೇ ಹಲಗೆ. ಹಡಗಿಗೆ ಎಲ್ಲರೂ ಕಾಯಬೇಕು ಎಂದು ನಾವೆಲ್ಲ ಬಯಸಿದ್ದೆವು. ಕಾಯುವವರಲ್ಲಿ ತಾನೂ ಇರಬೇಕು ಎಂದು ಬಯಸಿದವರು ಒಬ್ಬರೇ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಬೇರೆ ಕಡೆ ಹೋಗುವುದಿರಲಿಲ್ಲ.

ಗುಂಡಿ ಬಂದ ಮೇಲಿನ ಮೊದಲ ಭಾನುವಾರ ಅಣ್ಣ ಬಂದರಿಗೇ ಹೋಗೋಣ ಎಂದರು. ಹಡಗನ್ನು ತೆಗೆದಿರಲಿಲ್ಲ, ಬೇಕಾದವರು ಹತ್ತಬಹುದಿತ್ತು. ಮೇಷ್ಟ್ರು ಬಂದಿರಲಿಲ್ಲ. ನಾವಿಬ್ಬರೂ ಹಲಗೆಯ ಮೇಲೆ ನಿಂತೆವು.

"ಯಾರಾದ್ರೂ ಅದಾರೇನು?" ಎಂದು ಕೇಳಿದರು.

ಈ ಸಲ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಯಾರೂ ಇಲ್ರಿ."

"ಹಡಗು ಬಂದಾಗ ಇಳಿಯೋರು?"

"ಈಗ ಬಂತ್ರಿ. ಖಾಲಿ."

"ಹಂಗಾರೆ ಆರಿಸ್ತೀನಿ ತಂಗಿ. ಕಣ್ಣೂ ಉರೀತಾವೆ," ಎಂದರು. ಬಿಳಿ ನಿಲುವಂಗಿಯ ಮುದುಕ ಹಲಗೆಯ ಮೇಲಿನಿಂದ ಮಾಯವಾದ. ಅವರು ಮತ್ತೆ ಬರಲಿಲ್ಲ. ನಾನು ಇನ್ನೂ ಎರಡು ವಾರ ಹೋಗಿ, ನಾಲ್ಕು ಅಪರಿಚಿತರ ಮುಂದೆ ಗುರಾಣಿ ಹಿಡಿದು, ಬಿಟ್ಟೆ. ಮೇಷ್ಟ್ರು ಈಗ ಮೊಬೈಲಿನಲ್ಲಿ ಬೇರೆ ಏನೋ ಆಡುತ್ತಾರೆ. ಐದೈದು ನಿಮಿಷದ್ದಂತೆ.

ಭಾನುವಾರ ಫೋನ್ ಮಾಡುವ ರೂಢಿಯನ್ನು ಕೆಲವು ತಿಂಗಳು ಇಟ್ಟುಕೊಂಡೆ. ಸಕ್ಕರೆ ಎಷ್ಟಿದೆ, ಇನ್ಸುಲಿನ್ ತಗೊಂಡಿರಾ, ಅತ್ತಿಗೆ ಹೇಗಿದ್ದಾರೆ. ಮೂರು ನಿಮಿಷಕ್ಕೆ ಮಾತು ಮುಗಿದುಹೋಗುತ್ತಿತ್ತು. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಯಾವುದೋ ಕೆಲಸದ ನಡುವೆ, ಯಾರಿಗೋ ಏಟು ಬೀಳುವ ನಡುವೆ. ಇಬ್ಬರೇ ಎದುರುಬದುರು ನಿಂತಾಗ ಏನು ಹೇಳಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಹರಿಹರಕ್ಕೆ ಹೋದೆ. ಬಲಗಣ್ಣೂ ಹೋಗಿತ್ತು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. "ಬಾ ತಂಗಿ, ಕೂತ್ಕೋ," ಎಂದರು. ಕಂಪ್ಯೂಟರ್ ಇದ್ದ ಮೇಜಿನ ಮೇಲೆ ಅತ್ತಿಗೆ ಅಕ್ಕಿಯ ಡಬ್ಬ ಇಟ್ಟಿದ್ದರು.

"ಅದು ಇನ್ನೂ ನಡೀತೈತೇನು?" ಎಂದು ಕೇಳಿದರು.

ಹಳೆಯ ಆಟವನ್ನು ಬೇಸಿಗೆಯಲ್ಲೇ ಮುಚ್ಚಿದ್ದರು, ಜನ ಬರುತ್ತಿಲ್ಲವೆಂದು. ಹೇಳಿದೆ.

"ಹೌದಾ," ಎಂದರು. ಅತ್ತಿಗೆಗೆ ಚಾ ಇಡಲು ಹೇಳಿದರು. ಓಣಿಯಲ್ಲಿ ಬೈಕು ಹೋದಾಗಲೆಲ್ಲ ಅವರ ಮುಖ ಆ ಕಡೆ ತಿರುಗುತ್ತಿತ್ತು. ಹೊರಡುವಾಗ ಅವರ ಕೈ ಹಿಡಿದು, ಆವತ್ತು ನಾನು ಹೇಳಬೇಕಿತ್ತು ಅಣ್ಣಾರೆ, ಮತ ಹಾಕುವುದಿದೆ ಎಂದು, ಎಂದೆ. "ಯಾವ ಮತ?" ಎಂದರು. ಮರೆತಿದ್ದರೋ, ನನಗಾಗಿ ಮರೆತರೋ. ಮತ್ತೆ ಕೇಳುವ ಧೈರ್ಯವಾಗಲಿಲ್ಲ.

ದೀಪಾವಳಿಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. ಎಂದಿನಂತೆ ನನ್ನ ಆಟದ ಹೆಸರಿನಿಂದ ಮಾತಾಡಿಸಿ, "ಮಲಗ್ಯಾರವ್ವ, ಎದ್ದ ಮೇಲೆ ಹೇಳ್ತೀನಿ," ಎಂದರು. ಸಂಜೆ ನಾಲ್ಕು ಗಂಟೆ. ಅವರ ಹಿಂದೆ ರೇಡಿಯೋ ಹಾಡುತ್ತಿತ್ತು. ಯಾರೋ ಅದರ ದನಿ ಕಡಿಮೆ ಮಾಡಿದರು. ಆಮೇಲೆ ಅಣ್ಣನ ಕೆಮ್ಮು ಕೇಳಿಸಿತು. "ಆಗ್ಲಿರಿ ಅತ್ತಿಗೆ," ಎಂದು ಇಟ್ಟೆ. ಅವರಿಂದ ಫೋನ್ ಬರಲಿಲ್ಲ, ನಾನೂ ಮಾಡಿಲ್ಲ.